ಮೇಲಿನ ಎರಡು ಸಾಲು

ಆ ಪುಸ್ತಕ ಪರದೇಶದಿಂದ ಬಂದಿಳಿದ ಭಾನುವಾರ ನಾವು ಮೂವರೂ ಟೀಚರ್ ಮನೆಯಲ್ಲಿ ಒಂದು ಸ್ವರವನ್ನೂ ನುಡಿಸಲಿಲ್ಲ. ಅದನ್ನು ಮುಟ್ಟಿ, ಮೂಸಿ, ತಿರುವಿಹಾಕುವುದರಲ್ಲೇ ಮಧ್ಯಾಹ್ನ ಕಳೆದುಹೋಯಿತು. ದಪ್ಪನೆಯ ಕೆನೆ ಬಣ್ಣದ ಕಾಗದ. ಮುಖಪುಟದ ಮೇಲೆ ಚಿತ್ರ ಗಿತ್ರ ಏನೂ ಇಲ್ಲ, ಬರೀ ಅಕ್ಷರ. ಪಿಯಾನೊ, ಪಿಟೀಲು, ಚೆಲೊ ಈ ಮೂರೇ ವಾದ್ಯಗಳಿಗೆಂದು ಬರೆದ ಟ್ರಯೊ ಅದು. ಬರೆದಾತ ತೀರಿಕೊಂಡು ಇನ್ನೂರು ವರ್ಷದ ಹತ್ತಿರ ಹತ್ತಿರ ಆಗಿದೆ. ನಾವು ಅದನ್ನು ನಮ್ಮ ನಡುವಯಸ್ಸಿನಿಂದ ನುಡಿಸುತ್ತ ಬಂದಿದ್ದೆವು, ಒಂದು ಹಳೆಯ ಪುಸ್ತಕದ ಜೆರಾಕ್ಸಿನ ಜೆರಾಕ್ಸನ್ನು ಇಟ್ಟುಕೊಂಡು.

ಟೀಚರ್ ಅಂದರೆ ನನಗೆ ಶಾಲೆಯಲ್ಲಿ ಸಂಗೀತ ಕಲಿಸಿದವರು, ನಮ್ಮ ಮೂವರಲ್ಲಿ ಪಿಯಾನೊ ಅವರದು. ನಮ್ಮಪ್ಪ ದೊಡ್ಡನೆಕ್ಕುಂದಿಯಲ್ಲಿ ರಾಗಿ, ಹೂಕೋಸು ಬೆಳೆಯುತ್ತಿದ್ದವರು. ಜಮೀನಿನಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಅವರಿಗೆ ಮಕ್ಕಳನ್ನು ದಂಡಿನ ಕಡೆಯ ಕಾನ್ವೆಂಟಿಗೆ ಕಳಿಸುವ ಹುಮ್ಮಸ್ಸು ಬಂತು. ಅಲ್ಲಿ ಟೀಚರ್ ಮೊದಲ ದಿನವೇ ನನ್ನ ಕೈ ಹಿಡಿದು ನೋಡಿ, "ತೋಳು ಉದ್ದ ಇದೆ, ನೀನು ಚೆಲೊ ತಗೊಮ್ಮಾ" ಎಂದರು. ಪಿಟೀಲುಗಳೆಲ್ಲ ಆಗಲೇ ಬೇರೆ ಹುಡುಗಿಯರ ಪಾಲಾಗಿದ್ದವು ಎನ್ನುವುದು ನನಗೆ ಆಮೇಲೆ ತಿಳಿಯಿತು. ಆಳೆತ್ತರದ ಪಿಟೀಲಿನಂಥ ಆ ಚೆಲೊವನ್ನು ಮನೆಗೆ ತಂದಾಗ ನಮ್ಮಜ್ಜಿ ಅದನ್ನು ಮೇಲಿಂದ ಕೆಳಗೆ ನೋಡಿ, "ಇದು ಎಲ್ಲಿ ಮಲಗುತ್ತೆ?" ಎಂದು ಕೇಳಿದ್ದರು. ಆಮೇಲೆ ವಿಮೆ ಕಂಪನಿಯಲ್ಲಿ ಕೆಲಸ, ಜೀವನ್ ಬಿಮಾ ನಗರದಲ್ಲಿ ಮನೆ. ಮದುವೆ ಆಗಲಿಲ್ಲ, ಆ ಕಥೆ ಇಲ್ಲಿ ಬೇಡ. ಚೆಲೊ ಮಾತ್ರ ಇವತ್ತಿಗೂ ನನ್ನ ಕೋಣೆಯಲ್ಲೇ ಮಲಗುತ್ತದೆ.

ಮೂರನೆಯವರು ಪಿಟೀಲು ನುಡಿಸುವವರು. ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ವಿಮಾನಪುರದಲ್ಲೇ ಮನೆ ಕಟ್ಟಿಕೊಂಡಿದ್ದರಿಂದ ನಾನು ಅವರನ್ನು ಬೆನ್ನ ಹಿಂದೆಯೂ ಎದುರಿಗೂ ವಿಮಾನಪುರದವರು ಎಂದೇ ಕರೆಯುವುದು. ಯಾವುದನ್ನೂ ಚೆನ್ನಾಗಿದೆ ಅನ್ನುವ ಜನ ಅಲ್ಲ. ನಾವು ಎಷ್ಟೇ ಜೀವ ಹಿಡಿದು ನುಡಿಸಲಿ, ಕೊನೆಗೆ ಕನ್ನಡಕ ಮೇಲೇರಿಸಿ "ಪಾಸ್" ಅನ್ನುತ್ತಿದ್ದರು. ಇಲ್ಲವೆಂದರೆ ಅದೂ ಇಲ್ಲ.

ಆ ಹೊಸ ಪುಸ್ತಕ ತರಿಸಿದ್ದು ಅವರೇ. ನಮ್ಮ ಹಳೆಯ ಪುಸ್ತಕವನ್ನು ಯಾರೋ ಒಬ್ಬ ಪ್ರೊಫೆಸರು ಸಂಪಾದಿಸಿದ್ದ. ಬರೆದಾತ ಸುಮ್ಮನಿದ್ದ ಕಡೆಯೆಲ್ಲ ಆತ ಬಾಯಿ ಹಾಕಿದ್ದ. ಇಲ್ಲಿ ಮೆಲ್ಲಗೆ, ಇಲ್ಲಿ ಜೋರು, ಇಲ್ಲಿ ತಡೆದು ತಡೆದು, ಹೀಗೆ ಹೆಜ್ಜೆ ಹೆಜ್ಜೆಗೂ ಅಪ್ಪಣೆ. ಯಾವುದು ಅಸಲು, ಯಾವುದು ಪ್ರೊಫೆಸರನ ಒಗ್ಗರಣೆ ಅಂತ ನಮಗೆ ಗೊತ್ತೇ ಇರಲಿಲ್ಲ. ಹೊಸದು ವಿದ್ವಾಂಸರು ಕೂತು ಶೋಧಿಸಿದ ಶುದ್ಧ ಪಾಠ. ಕಾಲೇಜಿನಲ್ಲಿ ನಮಗೆ ಹಳಗನ್ನಡ ಪಠ್ಯದ ಕೆಳಗೆ ಪಾಠಾಂತರ ಕೊಡುತ್ತಿದ್ದರಲ್ಲ, ಥೇಟ್ ಹಾಗೆಯೇ. ಹಿಂದಿನ ಪುಟಗಳಲ್ಲಿ ಉದ್ದಕ್ಕೂ ಟಿಪ್ಪಣಿಗಳು. ಹಸ್ತಪ್ರತಿಯಲ್ಲಿ ಸ್ವರಗಳನ್ನು ಕೂಡಿಸುವ ಈ ಬಾಗುಗೆರೆ ಇಲ್ಲಿಂದ ಶುರುವಾಗುತ್ತದೆ, ಮೊದಲ ಮುದ್ರಣದಲ್ಲಿ ಅಲ್ಲಿಂದ, ಈ ಸ್ವರ ಅಚ್ಚಿನ ಮೊಳೆ ಜೋಡಿಸುವವನ ಕೈತಪ್ಪಿರಬಹುದು. ವಿಮಾನಪುರದವರು ಅದನ್ನು ತಪಾಸಣೆ ವರದಿ ಓದುವ ಹಾಗೆ ಗಟ್ಟಿಯಾಗಿ ಓದಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

"ನೋಡಿ ಮ್ಯಾಡಂ, ನಿಧಾನದ ಭಾಗದಲ್ಲಿ ನಾವು ಇಷ್ಟು ವರ್ಷ ಎಳೀತಿದ್ವಲ್ಲ, ಬರ್ದವ್ನು ಎಳೀರಿ ಅಂತ ಹೇಳೇ ಇಲ್ಲ," ಎಂದರು ಟೀಚರ್ ಕಡೆ ತಿರುಗಿ.

"ಹಾಗಾದ್ರೆ ಸುಮ್ಮಸುಮ್ಮನೆ ಅಳ್ತಿದ್ವಾ?" ಎಂದು ಟೀಚರ್ ನಕ್ಕರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಇಂಥ ಟ್ರಯೊ ಪುಸ್ತಕ ನಿಜಕ್ಕೂ ಮೂರು ಪುಸ್ತಕ. ಪಿಟೀಲಿನವರಿಗೆ ಒಂದು ತೆಳು ಹೊತ್ತಿಗೆ, ಅದರಲ್ಲಿ ಅವರ ಸಾಲು ಮಾತ್ರ. ಚೆಲೊದವಳಿಗೆ ಇನ್ನೊಂದು, ಅದರಲ್ಲಿ ನನ್ನ ಸಾಲು ಮಾತ್ರ. ಬೇರೆಯವರು ಏನು ನುಡಿಸುತ್ತಿದ್ದಾರೆ ಅಂತ ನಮ್ಮ ಕಾಗದದಲ್ಲಿ ಇರುವುದಿಲ್ಲ. ನಾವು ಸುಮ್ಮನಿರಬೇಕಾದ ಕಡೆ ಎಣಿಸುತ್ತ ಕೂರುತ್ತೇವೆ, ನಮ್ಮ ಸರದಿ ಬಂದಾಗ ಸೇರಿಕೊಳ್ಳುತ್ತೇವೆ. ಪಿಯಾನೊದವರ ಪುಸ್ತಕ ಮಾತ್ರ ದಪ್ಪ. ಅದರಲ್ಲಿ ಅವರ ಎರಡು ಕೈಗಳ ಎರಡು ಸಾಲಿನ ಮೇಲೆ, ಚಿಕ್ಕ ಅಕ್ಷರದಲ್ಲಿ, ನಮ್ಮಿಬ್ಬರ ಸಾಲುಗಳೂ ಇರುತ್ತವೆ. ಮೂವರಲ್ಲಿ ಮೂವರನ್ನೂ ನೋಡುವವರು ಅವರೊಬ್ಬರೇ.

ಟೀಚರ್‌ಗೆ ಆಗಲೇ ಕಣ್ಣು ಹೋಗುತ್ತಿತ್ತು. ಪೂರ್ತಿ ಕತ್ತಲೆಯಲ್ಲ. ನೋಡುವುದರ ನಟ್ಟನಡುವೆ ಒಂದು ಮಸುಕು, ಅದು ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತ ಹೋಗುವಂಥದ್ದು. ಬಾಗಿಲ ಚೌಕಟ್ಟು ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿಗೇ ಸೂಜಿ ಚುಚ್ಚುತ್ತಿದ್ದರು. ಸೂಜಿಯ ದಿನಗಳಲ್ಲಿ ನಾನೇ ಜೊತೆಗೆ ಹೋಗುತ್ತಿದ್ದೆ. ಅವರು ಚರ್ಚಿಗೆ ಹೊರಟವರ ಹಾಗೆ ಇಸ್ತ್ರಿ ಸೀರೆ ಉಟ್ಟು ಬರುತ್ತಿದ್ದರು. ನಿಧಾನ ಮಾಡಬಹುದು ಅಷ್ಟೇ, ನಿಲ್ಲಿಸಲು ಆಗುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಬೇರೆ ಯಾರಿಗೇ ಆಗಿದ್ದರೂ ಬಾಯಿಪಾಠ ಮಾಡಿಕೊಂಡು ನುಡಿಸಿ ಎಂದುಬಿಡಬಹುದಿತ್ತು. ಟೀಚರ್ ಬಾಯಿಪಾಠದವರಲ್ಲ. ಅವರು ಕಣ್ಣಿನವರು. ನೀವು ಯಾವ ಕಾಗದವನ್ನಾದರೂ ಮುಂದಿಡಿ, ಮೊದಲ ಸಲಕ್ಕೇ ಓದಿ ನುಡಿಸುತ್ತಿದ್ದರು. ಅದರಲ್ಲಿ ಅವರದು ಎತ್ತಿದ ಕೈ. ಕಾಗದ ತೆಗೆದುಬಿಟ್ಟರೆ ಮಾತ್ರ ಪ್ರಾರ್ಥನೆಯ ಹಾಡೂ ಅರ್ಧಕ್ಕೆ ನಿಲ್ಲುತ್ತಿತ್ತು. ಜೀವಮಾನವೆಲ್ಲ ಶಾಲೆಯ ಮಕ್ಕಳು ಹಾಡುವಾಗ, ಪಿಟೀಲು ಕೊಯ್ಯುವಾಗ, ಪಕ್ಕದಲ್ಲಿ ಕೂತು ಪಿಯಾನೊ ನುಡಿಸಿದವರು ಅವರು. ಮಗು ಎಲ್ಲಿ ತಪ್ಪಿತು, ಎಲ್ಲಿ ಎರಡು ಎಣಿಕೆ ಹಾರಿತು ಅಂತ ಮೇಲಿನ ಸಾಲಿನಲ್ಲಿ ಕಣ್ಣಿಟ್ಟೇ ಇರುತ್ತಿದ್ದರು, ಅದು ಹಾರಿದ ಕಡೆಗೆ ತಾವೂ ಹಾರುತ್ತಿದ್ದರು. ಪರೀಕ್ಷೆಗಳಲ್ಲಿ ನನ್ನನ್ನು ಹೀಗೆ ಎಷ್ಟು ಸಲ ಕಾಪಾಡಿದ್ದಾರೋ.

ಆ ಭಾನುವಾರ ಕೇಕು, ಟೀ ಆದಮೇಲೆ ಅವರು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: "ನಂಗೆ ಇನ್ನೇನೂ ಬೇಡ. ಕಣ್ಣು ಪೂರ್ತಿ ಹೋಗೋ ಮುಂಚೆ ಇದನ್ನ ಅವ್ನು ಬರ್ದಿರೋ ಥರಾನೇ ಒಂದ್ಸಲ ನಿಮ್ಮಿಬ್ರ ಜೊತೆ ನುಡಿಸ್ಬಿಡ್ಬೇಕು. ಯಾರೂ ಕೇಳೋದು ಬೇಡ. ಇಲ್ಲೇ, ಈ ಹಾಲಲ್ಲೇ."

ನಮಗೂ ಅದಕ್ಕಿಂತ ದೊಡ್ಡ ಕೆಲಸ ಬೇರೆ ಏನಿತ್ತು?

ಆದರೆ ಪುಸ್ತಕದ ಅಕ್ಷರ ಅವರಿಗೆ ಸಣ್ಣದಾಗುತ್ತಿತ್ತು. ಭೂತಗನ್ನಡಿ ಹಿಡಿದರೆ ಕೈ ಖಾಲಿ ಇರುವುದಿಲ್ಲ. ವಿಮಾನಪುರದವರು ಒಂದು ವಾರ ತಲೆ ಕೆಡಿಸಿಕೊಂಡು ಒಂದು ಉಪಾಯ ತಂದರು. ಪುಟಗಳನ್ನು ಜೆರಾಕ್ಸ್ ಮಾಡುವುದು, ದೊಡ್ಡದು ಮಾಡುವುದು. ಸುಮ್ಮನೆ ದೊಡ್ಡದು ಮಾಡಿದರೆ ಸ್ವರ ಅಂಥಾ ದೊಡ್ಡದಾಗುವುದಿಲ್ಲ, ಕಾಗದ ತುಂಬಿಹೋಗುತ್ತದೆ. ಹಾಗಾಗಿ ಪ್ರತಿ ಪುಟದಿಂದ ನಮ್ಮಿಬ್ಬರ ಸಾಲುಗಳನ್ನು ಕತ್ತರಿಸಿ ತೆಗೆದು, ಟೀಚರ್ ನುಡಿಸುವ ಎರಡು ಸಾಲುಗಳನ್ನು ಮಾತ್ರ ಬೇರೆ ಹಾಳೆಗೆ ಅಂಟಿಸಿ ದೊಡ್ಡದು ಮಾಡಿದರೆ, ಎರಡರಷ್ಟು ಗಾತ್ರ ಬರುತ್ತದೆ. ನಾನು ಶಭಾಷ್ ಎಂದೆ.

ಅವರ ಮನೆಯ ಊಟದ ಮೇಜಿನ ಮೇಲೆ ಈ ಕೆಲಸ ನಡೆಯಿತು. ಸ್ಟೀಲ್ ಅಳತೆಪಟ್ಟಿ, ಬ್ಲೇಡು, ಗೋಂದು. ಅವರು ಕತ್ತರಿಸುವುದು, ನಾನು ಅಂಟಿಸುವುದು. ಒಂದು ಕೂದಲೆಳೆ ಓರೆಯಾದರೂ ಅವರು ಆ ಹಾಳೆಯನ್ನು ತಿರಸ್ಕರಿಸಿ ಮತ್ತೆ ಶುರು ಮಾಡುತ್ತಿದ್ದರು. ಅವರ ಹೆಂಡತಿ ನಮಗೆ ಮಜ್ಜಿಗೆ ಕೊಟ್ಟು ಕೊಟ್ಟು ಸಾಕಾಗಿ, "ಈ ಮನೆ ಟೇಬಲ್ ಮೇಲೆ ನಾವು ಯಾವಾಗ ಊಟ ಮಾಡೋದು?" ಎಂದು ಕೇಳಿದರು. ಆ ಕತ್ತರಿಸಿದ ಚೂರುಗಳು, ನಮ್ಮ ಎರಡೂ ಸಾಲುಗಳು, ನೆಲದ ಮೇಲೆ ಬಿದ್ದಿದ್ದವು. ಕೆಲಸದವಳು ಗುಡಿಸಿ ಹಾಕಿದಳು.

ಶಿವಾಜಿನಗರದ ಜೆರಾಕ್ಸ್ ಅಂಗಡಿಯವನು ನಮ್ಮ ಹಾಳೆಗಳನ್ನು ನೋಡಿ ಬೆರಗಾದ. "ಕ್ಯಾ ಮೇಡಂ, ಇಷ್ಟು ದೊಡ್ಡದು ಮಾಡಿ ಗೋಡೆಗೆ ಹಾಕ್ತೀರಾ?" ಎಂದ. "ಒಬ್ಬರ ಕಣ್ಣಿಗೆ ಹಾಕ್ತೀವಿ," ಎಂದೆ. ಆ ದಿನ ನಾನು ಬಹಳ ಖುಷಿಯಲ್ಲಿದ್ದೆ. ಅಲ್ಲಿಂದ ಸೀದಾ ಹಲಸೂರಿಗೆ ಆಟೋ ಮಾಡಿಕೊಂಡು ಹೋದೆವು.

ಟೀಚರ್ ಮನೆ ಕೆರೆಯ ಹಿಂದಿನ ಒಂದು ಗಲ್ಲಿಯಲ್ಲಿದೆ. ಹಳೆಯ ಹೆಂಚಿನ ಮನೆ. ಎರಡೂ ಪಕ್ಕ ಬಾಡಿಗೆ ಕೋಣೆಗಳ ಕಟ್ಟಡಗಳು ಎದ್ದು ನಿಂತು, ಹಗಲಲ್ಲೂ ಒಳಗೆ ದೀಪ ಹಾಕಬೇಕು. ಅವರು ಹಾಳೆಗಳನ್ನು ಕಿಟಕಿಯ ಹತ್ತಿರ ಒಯ್ದು, ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಿಂದ ಮೊದಲ ಪುಟವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎರಡನೆಯದು. ಮಧ್ಯದಿಂದ ಒಂದು ತೆಗೆದು ನೋಡಿದರು, ಕೊನೆಯದನ್ನೂ ನೋಡಿದರು.

"ಕಾಣುತ್ತಾ ಮ್ಯಾಡಂ?" ವಿಮಾನಪುರದವರು ಕೇಳಿದರು.

"ಚೆನ್ನಾಗಿ ಕಾಣುತ್ತೆ," ಎಂದರು ಟೀಚರ್. "ಎಷ್ಟು ಅಂದವಾಗಿ ಕಟ್ ಮಾಡಿದ್ದೀರಿ. ತುಂಬಾ ಶ್ರಮ ತಗೊಂಡಿದ್ದೀರಿ. ಥ್ಯಾಂಕ್ಯೂ ಮಾ."

ಟೀ ತರುತ್ತೇನೆ ಎಂದು ಒಳಗೆ ಹೋದರು. ಹೋದವರು ಬರಲು ತಡವಾಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೀಗಿದೆವು. ಪಾಪ, ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆವು.

ಮುಂದಿನ ಭಾನುವಾರದಿಂದ ಟೀಚರ್ ದಾರಿ ತಪ್ಪಲು ಶುರು ಮಾಡಿದರು. ವೇಗದ ಭಾಗಗಳು ಹೇಗೋ ನಡೆಯುತ್ತಿದ್ದವು. ನಿಧಾನದ ಭಾಗದಲ್ಲಿ, ನಡುವೆ ಒಂದು ಕಡೆ, ಪಿಯಾನೊ ಒಂದೇ ಸಮನೆ ಹನಿ ಹನಿಯಾಗಿ ಸಾಗುತ್ತದೆ, ಅದರ ಮೇಲೆ ಪಿಟೀಲೂ ಚೆಲೊವೂ ಸರದಿಯ ಮೇಲೆ ಬಂದು ಹೋಗುತ್ತವೆ. ಅಲ್ಲಿಗೆ ಬಂದರೆ ಅವರು ನಮ್ಮಿಂದ ಮುಂದೆ ಓಡುತ್ತಿದ್ದರು, ಇಲ್ಲವೇ ಹಿಂದೆ ಉಳಿಯುತ್ತಿದ್ದರು, ಕೊನೆಗೆ ಕೈ ಎತ್ತಿ "ಸಾರಿ ಮಾ" ಎನ್ನುತ್ತಿದ್ದರು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ. ನನಗೆ ಆಶ್ಚರ್ಯವೆಂದರೆ, ಹಳೆಯ ಮಸುಕು ಜೆರಾಕ್ಸಿನಲ್ಲಿ, ಅರ್ಧಂಬರ್ಧ ಕಾಣುವಾಗಲೂ, ಅವರು ಇಲ್ಲಿ ಎಡವಿದವರಲ್ಲ.

ವಾಪಸು ಹೋಗುವಾಗ ಮೆಟ್ರೊ ನಿಲ್ದಾಣದ ಮೆಟ್ಟಿಲ ಹತ್ತಿರ ವಿಮಾನಪುರದವರು, "ಇಷ್ಟು ಬೇಗ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ ರೀ," ಎಂದರು. ಕಣ್ಣಿನ ಮಾತು. ನಾನು ಹೌದು ಎಂದೆ. ಅಲ್ಲಿಂದ ಮುಂದೆ ನಾವು ಉಪಕಾರ ಮಾಡಲು ಹೊರಟೆವು. ವೇಗ ತಗ್ಗಿಸಿದೆವು. ನಾನು ನನ್ನ ಸರದಿ ಬಂದಾಗ ಕಾಲಿನಿಂದ ನೆಲ ತಟ್ಟಿದೆ. ಅವರು ತಪ್ಪಿದಾಗ ಗೊತ್ತೇ ಆಗದವರ ಹಾಗೆ ಮುಂದುವರಿದೆವು. ಮುಗಿದಮೇಲೆ ವಿಮಾನಪುರದವರು, ಪಾಸ್ ಎನ್ನುವವರು, "ತುಂಬಾ ಚೆನ್ನಾಗಿತ್ತು ಮ್ಯಾಡಂ" ಎನ್ನತೊಡಗಿದರು. ಆ ಮಾತು ಕೇಳಿದಾಗಲೆಲ್ಲ ಟೀಚರ್ ಮುಖ ಇನ್ನಷ್ಟು ಚಿಕ್ಕದಾಗುತ್ತಿತ್ತು.

ಆಮೇಲೆ ಭಾನುವಾರಗಳು ತಪ್ಪತೊಡಗಿದವು. ಒಂದು ವಾರ ತಲೆನೋವು. ಒಂದು ವಾರ ಯಾರೋ ಹಳೆಯ ವಿದ್ಯಾರ್ಥಿನಿ ಬರುತ್ತಾಳೆ. ಒಂದು ವಾರ ಫೋನಿನಲ್ಲಿ, "ನೀವು ಅಷ್ಟು ದೂರದಿಂದ ಬರ್ತೀರಿ, ನಿಮಗ್ಯಾಕೆ ತೊಂದ್ರೆ," ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ತೊಂದರೆ ಎನ್ನುವ ಮಾತೇ ಬಂದಿರಲಿಲ್ಲ. ನನಗೆ ಸಿಟ್ಟು ಬಂತು. ದುಃಖ ಆದಾಗ ನನಗೆ ಬರುವುದು ಸಿಟ್ಟೇ, ನಮ್ಮಪ್ಪನಿಂದ ಬಂದ ಬಳುವಳಿ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ವಿಮಾನಪುರದವರಿಗೆ ಜ್ವರ. ಟೀಚರ್ ಬೇಡ ಎಂದರೂ ಕೇಳದೆ ನಾನೊಬ್ಬಳೇ ಹೊರಟೆ. ಇಂದಿರಾನಗರದಲ್ಲಿ ಮೆಟ್ರೊ ಹತ್ತುವಾಗ ಭದ್ರತೆಯ ಹೆಣ್ಣುಮಗಳು ಎಂದಿನಂತೆ ಚೆಲೊ ಪೆಟ್ಟಿಗೆಯನ್ನು ತಪಾಸಣೆ ಯಂತ್ರಕ್ಕೆ ತೂರಿಸಲು ನೋಡಿ, ಆಗದೆ, "ಇದ್ರಲ್ಲಿ ಏನೈತ್ರೀ?" ಎಂದು ಕೇಳಿದಳು. ಕಲಬುರಗಿ ಕಡೆಯ ಮಾತು. "ತೆಗೆದು ನೋಡಮ್ಮ," ಎಂದೆ. ನೋಡಿ, "ಅಯ್ಯ, ಬಾರ್ಸೋದು!" ಎಂದು ನಕ್ಕು ಬಿಟ್ಟಳು. ಆ ನಗು ನನಗೆ ಬೇಕಾಗಿತ್ತು.

ಟೀಚರ್ ಬಾಗಿಲು ತೆಗೆದರು. ಪಿಯಾನೊ ಮುಚ್ಚಿತ್ತು, ಅದರ ಮೇಲೆ ನಮ್ಮ ದೊಡ್ಡ ಹಾಳೆಗಳು ಅಂಚಿಗೆ ಅಂಚು ಸೇರಿಸಿ ಜೋಡಿಸಿಟ್ಟ ಹಾಗೇ ಇದ್ದವು. ನಾನು ಕೇಳಲೇ ಇಲ್ಲ, ಮುಚ್ಚಳ ಎತ್ತಿದೆ, ಹಾಳೆ ಹರಡಿದೆ, ನಿಧಾನದ ಭಾಗ ಎಂದೆ. ಪಿಟೀಲಿಲ್ಲದೆಯೇ ಶುರು ಮಾಡಿದೆವು. ಅದೇ ಜಾಗಕ್ಕೆ ಬಂದು ಅವರು ನಿಂತರು.

ನನಗೆ ತಡೆಯಲಾಗಲಿಲ್ಲ. "ಅಲ್ಲಿ ಏನಿದೆ ಅಂತ ಅಷ್ಟು ಹೆದರ್ತೀರಾ ಟೀಚರ್?" ಎನ್ನುತ್ತ ಎದ್ದು, ಚೆಲೊ ಮಲಗಿಸಿ, ಅವರ ಹೆಗಲ ಹಿಂದೆ ಹೋಗಿ ನಿಂತೆ. ನನ್ನ ಜೀವಮಾನದಲ್ಲಿ ನಾನು ನುಡಿಸುವ ಕುರ್ಚಿ ಬಿಟ್ಟು ಆ ಕಡೆಯಿಂದ ಕಾಗದ ನೋಡಿದ್ದು ಅದೇ ಮೊದಲು ಇರಬೇಕು. ಉಂಡೆ ಉಂಡೆ ಸ್ವರಗಳು, ಎಲ್ಲ ಒಂದೇ ಥರ, ಸಾಲಿನಿಂದ ಸಾಲಿಗೆ.

"ಇಲ್ಲೇನೂ ಕಷ್ಟ ಇಲ್ವಲ್ಲ. ಒಂದೇ ಸಮ ಹೋಗುತ್ತೆ."

"ಅದಕ್ಕೇ ಮಾ. ಒಂದೇ ಸಮ ಹೋಗುತ್ತೆ. ನೀವೆಲ್ಲಿದ್ದೀರಿ ಅಂತ ಗೊತ್ತಾಗಲ್ಲ."

"ಮುಂಚೆ ಹೇಗೆ ಗೊತ್ತಾಗ್ತಿತ್ತು?"

"ನೋಡ್ತಿದ್ದೆ."

"ಏನನ್ನ?"

ಅವರು ಬೆರಳನ್ನು ಕಾಗದದ ಮೇಲಿಟ್ಟರು. ತಮ್ಮ ಸಾಲುಗಳ ಮೇಲೆ ಅಲ್ಲ, ಅವುಗಳ ಮೇಲ್ಗಡೆ, ಖಾಲಿ ಬಿಳಿ ಜಾಗದಲ್ಲಿ.

"ಇಲ್ಲಿ ಇರ್ತಿದ್ರಲ್ಲ, ನೀವಿಬ್ರೂ."

ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಮೇಜು, ಬ್ಲೇಡು, ನೆಲದ ಮೇಲಿನ ಚೂರುಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಪಿಟೀಲಿನವರೂ ಚೆಲೊದವಳೂ ಹುಟ್ಟಾ ತಮ್ಮ ಒಂದೊಂದು ಸಾಲು ಓದಿಕೊಂಡು ಬದುಕಿದವರು. ಪಿಯಾನೊದವರಿಗೂ ಅವರ ಸಾಲು ಸಿಕ್ಕರೆ ಸಾಕು ಎಂದುಕೊಂಡಿದ್ದೆವು. ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ, ಸಂಗೀತವೇ ಗೊತ್ತಿಲ್ಲದ ಆ ಅಂಗಡಿಯವನಾದರೆ ಇಡೀ ಪುಟವನ್ನೇ ದೊಡ್ಡದು ಮಾಡಿ ಕೊಡುತ್ತಿದ್ದ.

"ಮತ್ತೆ ಅವತ್ತೇ ಹೇಳ್ಬಾರ್ದಿತ್ತಾ?" ನಾನು ಕೂಗಿಯೇಬಿಟ್ಟೆ. "ಕೊಟ್ಟ ದಿನಾನೇ ಹೇಳಿದ್ರೆ ಮಾರನೇ ದಿನ ಬೇರೆ ಮಾಡ್ಕೊಂಡು ಬರ್ತಿದ್ವಿ! ನಿಮ್ಮ ಸಂಕೋಚ ಯಾರಿಗೆ ಬೇಕಾಗಿತ್ತು ಟೀಚರ್?"

ಅವರು ನನ್ನ ಕಡೆ ತಿರುಗಿದರು. ಮುಖ ನನ್ನ ಕಡೆಗಿತ್ತು, ಕಣ್ಣು ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿತ್ತು. ಈಗ ಅವರಿಗೆ ಹಾಗೆ ನೋಡಿದರೇ ಕಾಣುವುದು.

"ನೀವು ಮರ್ತು ಬಿಟ್ಟಿದ್ದೀರಿ ಅಂತ ನಂಗೆ ಅನ್ನಿಸ್ಲೇ ಇಲ್ಲಮ್ಮಾ," ಎಂದರು. "ಬೇಕು ಅಂತಾನೇ ತೆಗೆದಿದ್ದೀರಿ ಅಂದ್ಕೊಂಡೆ. ಇನ್ಮೇಲೆ ನೀವು ಒಬ್ರೇ ನುಡಿಸ್ಕೊಳ್ಳಿ ಅಂತ ನಂಗೆ ಹೇಳ್ತಿದ್ದೀರಿ, ಬಾಯಲ್ಲಿ ಹೇಳಕ್ಕೆ ನಿಮಗೂ ಕಷ್ಟ ಅಲ್ವಾ. ಕಣ್ಣು ಕಾಣದವಳ ಜೊತೆ ಎಷ್ಟು ದಿನ ಅಂತ ಒದ್ದಾಡ್ತೀರಿ. ಅದಕ್ಕೇ ಇಷ್ಟು ಅಂದವಾಗಿ ಮಾಡಿ ಕೊಟ್ಟಿದ್ದೀರಿ ಅಂದ್ಕೊಂಡೆ. ಭಾನುವಾರ ಬರ್ತಿದ್ರಲ್ಲ, ಅದು ದಾಕ್ಷಿಣ್ಯಕ್ಕೆ ಅಂದ್ಕೊಂಡೆ."

ನಾನು ನೆಲದ ಮೇಲೆ ಕೂತು ಅತ್ತೆ. ಅರವತ್ತು ದಾಟಿದ ಹೆಂಗಸು, ಶಾಲೆಯ ಹುಡುಗಿಯ ಹಾಗೆ ಅವರ ಮೊಣಕಾಲಿಗೆ ಒರಗಿ ಅತ್ತೆ. ಅವರು ನನ್ನ ತಲೆ ಸವರುತ್ತ, "ಸರಿ ಮಾ, ಸರಿ ಮಾ" ಎನ್ನುತ್ತಿದ್ದರು. ನಾವು ಮಾಡಿದ್ದಕ್ಕೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಯಿತು. ಪಕ್ಕದ ಕಟ್ಟಡದಲ್ಲಿ ಯಾರದೋ ಕುಕ್ಕರ್ ಕೂಗುತ್ತಲೇ ಇತ್ತು.

ಅಲ್ಲಿಂದ ನೇರ ವಿಮಾನಪುರಕ್ಕೆ ಹೋದೆ. ಅವರು ಮಫ್ಲರ್ ಸುತ್ತಿಕೊಂಡು ದಿವಾನ್ ಮೇಲೆ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಬೈಯಬೇಕೆಂದೇ ಹೋಗಿದ್ದೆ, ಬ್ಲೇಡು ಹಿಡಿದದ್ದು ಅವರ ಕೈ ಅಲ್ಲವೇ. ಆದರೆ ಅವರ ಮುಖ ನೋಡಿ ಬೈಯಲಾಗಲಿಲ್ಲ. ಅವರು ಎದ್ದು ಒಳಗೆ ಹೋಗಿ ತಮ್ಮ ತೆಳು ಹೊತ್ತಿಗೆಯನ್ನು ತಂದು, ತೆರೆದು, ಮಡಿಲಲ್ಲಿಟ್ಟುಕೊಂಡು ನೋಡಿದರು.

"ನನ್ ಕಾಗದದಲ್ಲಿ ನಾನೊಬ್ನೇ ಇರ್ತೀನಿ," ಎಂದರು. "ಯಾವಾಗ್ಲೂ ಹಂಗೇ. ಅವ್ರದ್ದು ಹಂಗಲ್ಲ ಅಂತ ಹೊಳೀಲೇ ಇಲ್ಲ ರೀ. ಅಷ್ಟು ಸಲ ಆ ಪುಸ್ತಕ ತಿರುವಿ ಹಾಕಿದ್ದೀನಿ."

ಅವರ ಹೆಂಡತಿ ತಂದ ಕಾಫಿ ಹಾಗೇ ಆರಿತು. ಹೊರಡುವಾಗ ನನ್ನನ್ನು ಗೇಟಿನ ತನಕ ಬಿಡಲು ಬಂದು, "ಎಲ್ಲಾ ಮತ್ತೆ ಮಾಡ್ತೀನಿ," ಎಂದರು.

ಮಾಡಿದರು. ಈ ಸಲ ಯಾವ ಸಾಲನ್ನೂ ಕತ್ತರಿಸದೆ, ನಾಲ್ಕೂ ಸಾಲು ಒಟ್ಟಿಗೆ, ಕ್ಯಾಲೆಂಡರಿನಷ್ಟು ದೊಡ್ಡ ಹಾಳೆಗಳು. ಒಂದು ಹಾಳೆಯಲ್ಲಿ ಒಂದು ಉಸಿರಿನಷ್ಟು ಸಂಗೀತ ಹಿಡಿಯುತ್ತಿತ್ತು. ಟೀಚರ್ ಹಾಲಿನಲ್ಲಿ ಕುರ್ಚಿ, ಮೇಜು, ಕಿಟಕಿಯ ಸರಳು, ಎಲ್ಲ ಕಡೆಯೂ ಒರಗಿಸಿಟ್ಟೆವು. ಕ್ರಿಸ್ಮಸ್ ಹತ್ತಿರ ಬಂದಿತ್ತು. ನಡುವೆ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದೆವು. ಕೊನೆಯ ಸಲ ಡಾಕ್ಟರು ಇನ್ನು ಸೂಜಿ ಬೇಡ ಎಂದಿದ್ದರು. ಅವರು ಯಾಕೆ ಹಾಗೆಂದರು ಎಂದು ನಾನಾಗಲಿ ಟೀಚರ್ ಆಗಲಿ ಕೇಳಿರಲಿಲ್ಲ.

ಟೀಚರ್ ಹಾಳೆಯ ಹತ್ತಿರ ಮುಖ ಒಯ್ದರು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು.

"ಹಾಳೆ ಕಾಣುತ್ತೆ," ಎಂದರು ಟೀಚರ್. "ಬೆಳ್ಳಗೆ. ಅಷ್ಟೇ."

"ನಾವು ಮೇಲೇ ಇದ್ದೀವಿ ಮ್ಯಾಡಂ," ಎಂದರು ವಿಮಾನಪುರದವರು. "ಈ ಸಲ ಇಬ್ರೂ ಮೇಲೇ ಇದ್ದೀವಿ."

"ಗೊತ್ತು," ಎಂದು ಟೀಚರ್ ಅವರ ತೋಳು ತಟ್ಟಿದರು.

ನಾನು ಹಾಳೆಗಳನ್ನು ಎತ್ತಿಡಲು ಶುರು ಮಾಡಿದೆ. ಟೀಚರ್ ಪಿಯಾನೊ ಬೆಂಚಿನಿಂದ ಎದ್ದು, ಕೈಯಿಂದ ತಡವುತ್ತ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತರು. "ನೀವಿಬ್ರೂ ನುಡಿಸಿ," ಎಂದರು. "ನಿಧಾನದ ಭಾಗ. ನಂದು ಬಿಟ್ಬಿಡಿ, ನಿಮ್ಮದು ಮಾತ್ರ ನುಡಿಸಿ. ಅವ್ನು ಬರ್ದಿರೋ ಥರ. ಕೇಳ್ತೀನಿ."

ಪಿಯಾನೊ ಇಲ್ಲದೆ ಅದನ್ನು ಯಾರೂ ನುಡಿಸುವುದಿಲ್ಲ. ನುಡಿಸಿದರೆ ತೂತು ಬಿದ್ದ ಬಟ್ಟೆಯ ಹಾಗಿರುತ್ತದೆ. ಅದು ಶುರುವಾಗುವುದೇ ಪಿಯಾನೊ ಒಂಟಿಯಾಗಿ ನುಡಿಯುವುದರಿಂದ, ನಾವು ಬರುವುದು ಆಮೇಲೆ. ಆದರೂ ಕೂತೆವು. ವಿಮಾನಪುರದವರು ಪಿಟೀಲು ಭುಜಕ್ಕೆ ಏರಿಸಿದರು, ನಾನು ಚೆಲೊ ಒರಗಿಸಿಕೊಂಡೆ. ಕಮಾನು ಎತ್ತಿ ಹಿಡಿದು, ಏನೂ ಕೇಳಿಸದ ಆ ಮೊದಲ ಸಾಲುಗಳನ್ನು ಮನಸ್ಸಿನಲ್ಲಿ ಎಣಿಸುತ್ತ ಕಾದೆವು. ಆಮೇಲೆ ಪಿಟೀಲು ಬಂತು, ಅದರ ಹಿಂದೆ ನಾನು ಬಂದೆ. ನಡುವೆ ಪಿಯಾನೊ ಒಬ್ಬಂಟಿ ಇರುವ ಕಡೆಗಳಲ್ಲೆಲ್ಲ ಮತ್ತೆ ಕಾದೆವು. ಅಲ್ಲೆಲ್ಲ ಗಲ್ಲಿಯ ಸ್ಕೂಟರು, ಪಕ್ಕದ ಕಟ್ಟಡದವರ ಮಾತು ಕೇಳಿಸುತ್ತಿತ್ತು. ಎಳೆಯಲಿಲ್ಲ, ತಡೆಯಲಿಲ್ಲ, ಬರೆದಾತ ಹೇಳಿದ್ದಷ್ಟೇ ನುಡಿಸಿದೆವು. ಟೀಚರ್ ಕಣ್ಣು ಮುಚ್ಚಲಿಲ್ಲ, ತಲೆಯಾಡಿಸಲಿಲ್ಲ. ನೇರವಾಗಿ ಕೂತು ಕೇಳಿದರು.

ಮುಗಿಯಿತು. ವಿಮಾನಪುರದವರು ಪಿಟೀಲು ಇಳಿಸಿ ತಲೆ ತಗ್ಗಿಸಿದರು. ಪಾಸ್ ಅನ್ನಲಿಲ್ಲ, ಚೆನ್ನಾಗಿತ್ತು ಅಂತಲೂ ಅನ್ನಲಿಲ್ಲ.

"ಚೆನ್ನಾಗಿತ್ತು," ಎಂದು ಟೀಚರ್ ಹೇಳಿದರು. "ಆದ್ರೆ ನಂದು ಬರೋ ಕಡೆಯೆಲ್ಲ ತುಂಬಾ ಹೊತ್ತು ಬಿಡ್ತಿದ್ದೀರಿ. ನಾನು ಅಷ್ಟು ನಿಧಾನ ಇರ್ಲಿಲ್ಲಮ್ಮಾ. ಅಷ್ಟೊಂದು ಕಾಯ್ಬೇಡಿ."

"ಸರಿ ಮ್ಯಾಡಂ," ಎಂದರು ವಿಮಾನಪುರದವರು.

ಮತ್ತೆ ಮೊದಲಿನಿಂದ ನುಡಿಸಿದೆವು. ಈ ಸಲ ಕಡಿಮೆ ಕಾದೆವು.